ಇನ್ಶಿರಾ ಎಣಿಸಿದ ಸುತ್ತುಗಳು

ನಮ್ಮ ಓಣಿಯಲ್ಲಿ ಇನ್ಶಿರಾ ಕೂತದ್ದನ್ನು ಕಂಡವರು ಕಡಿಮೆ. ಚಹಾ ಕುಡಿಯುವಾಗಲೂ ಲೋಟ ಹಿಡಿದುಕೊಂಡು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ಓಡಾಡುತ್ತಿದ್ದಳು. ಮುಲೂಖಿಯಾ ಸೊಪ್ಪು ಹೆಚ್ಚಲು ಕೂತರೆ ಅರ್ಧಕ್ಕೆ ಎದ್ದು ಒಣಗಿದ ಬಟ್ಟೆ ತೆಗೆಯಲು ಹೋಗುವಳು. ಬಟ್ಟೆ ತೆಗೆಯುತ್ತಿದ್ದ ಹಾಗೇ ಏನೋ ನೆನಪಾಗಿ, ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಕೆಳಗಿನ ಅಂಗಡಿಯಿಂದ ರೊಟ್ಟಿ ತರಿಸುವಳು. "ಇವಳನ್ನ ಕಾಲಿಗೆ ಚಕ್ರ ಕಟ್ಟಿಯೇ ಹೆತ್ತಿದಾರೆ" ಎಂದು ಅವಳ ಅತ್ತೆ ಹಜ್ಜಾ ತಫೀದಾ ಹೇಳುತ್ತಿದ್ದರು. ನಾನು ಎದುರುಮನೆಯವಳು. ಓಣಿಯ ಕೊನೆಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹಾಗಾಗಿ ಎಲ್ಲರಿಗೂ ಅಬ್ಲಾ, ಅಂದರೆ ಟೀಚರಕ್ಕ. ಆ ಕಾರಣಕ್ಕೇ ಈ ಕತೆಯಲ್ಲಿ ನನಗೂ ಒಂದಿಷ್ಟು ಪಾಲು ಬಂತು.

ನಮ್ಮ ಗಿರಣಿಯ ಊರು ಮಹಲ್ಲಾದಲ್ಲಿ ಎಷ್ಟೋ ಮನೆಗಳ ಹಾಗೆ ಅವರದೂ ಅಣ್ಣತಮ್ಮಂದಿರು ಒಂದರ ಮೇಲೊಂದು ಸಂಸಾರ ಹೂಡಿದ ಮನೆ. ಕೆಳಗೆ ಹಳೆಯ ಕೈಮಗ್ಗಗಳನ್ನು ತುಂಬಿ ಬೀಗ ಹಾಕಿದ ಕೋಣೆ. ಮೊದಲ ಅಂತಸ್ತಿನಲ್ಲಿ ಹಿರಿಯವನು ಶೌಕಿ, ಅವನ ಹೆಂಡತಿ ಬಹೀಜಾ, ಮೂವರು ಮಕ್ಕಳು, ಜೊತೆಗೆ ಹಜ್ಜಾ. ಅದರ ಮೇಲೆ ಕಿರಿಯವನು ರಿಫಾತ್, ಇನ್ಶಿರಾ, ಇಬ್ಬರು ಹೆಣ್ಣುಮಕ್ಕಳು; ದೊಡ್ಡವಳು ನಜ್ಲಾ. ಗಂಡಸರಿಬ್ಬರೂ ನೇಯ್ಗೆಯ ಗಿರಣಿಯಲ್ಲಿ ಪಾಳಿಯ ಕೆಲಸದವರು. ಎರಡು ಸಂಸಾರಕ್ಕೂ ಕರೆಂಟಿನ ಮೀಟರು ಒಂದೇ, ಅದೂ ಸತ್ತುಹೋದ ಮಾವನ ಹೆಸರಿನಲ್ಲಿ. ಮೆಟ್ಟಿಲ ಬುಡದಲ್ಲಿ ಮರದ ಪೆಟ್ಟಿಗೆಯೊಳಗೆ ಅದು ಇತ್ತು. ಅದರ ಕೆಳಗೆ ಅಂತಸ್ತಿಗೊಂದರಂತೆ ಎರಡು ಮೇನ್ ಸ್ವಿಚ್ಚು. ಬಿಲ್ಲು ಎಷ್ಟೇ ಬರಲಿ, ಅರ್ಧ ಅರ್ಧ. ಹತ್ತು ವರ್ಷ ಅದೇ ಪದ್ಧತಿಯಲ್ಲಿ ನಡೆದಿತ್ತು.

ಆ ಬೇಸಿಗೆ ಬಿಲ್ಲು ಏರತೊಡಗಿತು. ಮೊದಲ ತಿಂಗಳು ಯಾರೂ ಮಾತಾಡಲಿಲ್ಲ. ಬಿಸಿಲು, ಫ್ಯಾನು ಎಂದುಕೊಂಡರು. ಎರಡನೆಯ ತಿಂಗಳು ಯೂನಿಟ್ಟುಗಳು ಒಂದು ಹಂತ ದಾಟಿ, ದರವೇ ಮೇಲಕ್ಕೆ ಹಾರಿತು. ಬಿಲ್ಲಿನವನು ಬಾಗಿಲಲ್ಲಿ ನಿಂತು ಮೊತ್ತ ಹೇಳಿದಾಗ ರಿಫಾತ್ ಗಿರಣಿಯಿಂದ ಆಗಷ್ಟೇ ಬಂದಿದ್ದ. ಅವನು ಜೇಬಿಗೆ ಕೈಹಾಕಿದ್ದನ್ನು ನೋಡಿ ಇನ್ಶಿರಾಳಿಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಶುರು ಮಾಡಿದಳು.

ಬಹೀಜಾ ಗುರುವಾರಗಳಂದು ಮದುವಣಗಿತ್ತಿಯರಿಗೆ, ಅವರ ಗೆಳತಿಯರಿಗೆ ಕೂದಲು ನೇರಮಾಡಿ ಕೊಡುತ್ತಿದ್ದಳು. ಒಂದು ಕುರ್ಚಿ, ಒಂದು ಕನ್ನಡಿ, ಒಂದು ಡ್ರೈಯರ್. ಅದರಿಂದ ಬಂದದ್ದರಲ್ಲಿ ಮಗ ಹಿಶಾಮನ ಪಾಠದ ಮೇಷ್ಟರಿಗೆ ಕೊಡುತ್ತಿದ್ದಳು.

"ಗುರುವಾರ ಬಂತೂಂದ್ರೆ ಕೆಳಗೆ ಬಿರುಗಾಳಿ ಎದ್ದಂಗೆ ಸದ್ದು" ಎಂದಳು ಇನ್ಶಿರಾ, ಓಣಿಗೆಲ್ಲ ಕೇಳುವ ಹಾಗೆ. "ಊರಿನ ಮದುಮಕ್ಕಳ ತಲೆ ಒಣಗಿಸೋಕೆ ನನ್ನ ಗಂಡ ಯಾಕೆ ಬೆವರು ಸುರಿಸ್ಬೇಕು?"

ಬಹೀಜಾ ಬಾಗಿಲು ತೆರೆದಳು. ಅವಳ ಕೈಯಲ್ಲಿ ಬಾಚಣಿಗೆ ಇತ್ತು. "ನಿನ್ನ ಇಸ್ತ್ರಿಪೆಟ್ಟಿಗೆ ಏನು ಗಾಳಿ ಕುಡಿದು ಬಿಸಿಯಾಗುತ್ತಾ, ನಜ್ಲಾನ ಅಮ್ಮ? ವಾರಕ್ಕೆ ಮೂರು ತಾಸು ನನ್ನ ಕೆಲಸ. ನೀನು ದಿನವಿಡೀ ಮೇಲೆ ಏನೇನು ತಿರುಗಿಸ್ತೀಯೋ ನಾನು ಕೇಳಿದೀನಾ?"

"ನಾನು ತಿರುಗಿಸೋದು ನನ್ನ ಮನೆಗೆ. ನೀನು ತಿರುಗಿಸೋದು ದುಡ್ಡಿಗೆ."

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ನನ್ನದೂ ಸೇರಿ. ಶೌಕಿ ಮಾತು ಕಡಿಮೆ ಆಡುವ ಮನುಷ್ಯ. ಓಣಿಯವರ ಎದುರು ತನ್ನ ಮನೆಯ ಹೆಸರು ಕೆಡುವುದನ್ನು ಸಹಿಸದವನು. ಅಂದು ಅವನು ತಮ್ಮನ ಹೆಂಡತಿಗೆ ಒಂದು ಮಾತೂ ಆಡಲಿಲ್ಲ. ಒಳಗೆ ತಿರುಗಿ ತನ್ನ ಹೆಂಡತಿಗೇ ಹೇಳಿದ: "ನಾಳೆಯಿಂದ ಆ ಯಂತ್ರದ ಸದ್ದು ನನ್ನ ಕಿವಿಗೆ ಬೀಳಬಾರದು."

ಡ್ರೈಯರು ಅಲಮಾರಿಯ ಮೇಲೆ ಹೋಯಿತು. ಕುರ್ಚಿಯನ್ನು ತಾರಸಿಯ ಮೇಲೆ ಪಾರಿವಾಳದ ಗೂಡಿನ ಪಕ್ಕ ಇಟ್ಟರು. ಮುಂದಿನ ಗುರುವಾರ ಬಂದ ಹುಡುಗಿಯರನ್ನು ಬಹೀಜಾ ಬಾಗಿಲಿನಿಂದಲೇ ವಾಪಸು ಕಳಿಸುವುದನ್ನು ನಾನು ಕಂಡೆ. ಏನು ನೆಪ ಹೇಳಿದಳೋ, ಅವರು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಇನ್ಶಿರಾ ಗೆದ್ದಳು. ಆದರೆ ಮರುತಿಂಗಳ ಬಿಲ್ಲು ಬಂದಾಗ ಅದರಲ್ಲಿ ಹದಿಮೂರೋ ಹದಿನಾಲ್ಕೋ ಯೂನಿಟ್ಟು ಮಾತ್ರ ಕಡಿಮೆಯಾಗಿತ್ತು. ಹಂತವೂ ಇಳಿದಿರಲಿಲ್ಲ.

ಅಲ್ಲಿಂದ ಅವಳ ತಳಮಳ ಶುರುವಾಯಿತು. ಮೊದಲು, ಬಹೀಜಾ ಕದ್ದು ಕೆಲಸ ಮಾಡುತ್ತಿದ್ದಾಳೆಂದು ಅನುಮಾನಪಟ್ಟಳು. ಮೆಟ್ಟಿಲು ಇಳಿಯುವಾಗ ಅವರ ಬಾಗಿಲ ಬಳಿ ಹೆಜ್ಜೆ ನಿಧಾನ ಮಾಡಿ ಕಿವಿಗೊಡುವಳು. ಒಳಗೆ ಹಜ್ಜಾ ರೇಡಿಯೋದ ಜೊತೆ ಕೆಮ್ಮುವ ಸದ್ದು ಬಿಟ್ಟರೆ ಏನಿಲ್ಲ. ಗುರುವಾರ ನಾಲ್ಕು ಸಲ ಇಳಿದು ಹತ್ತಿದಳು. ಡ್ರೈಯರಿನ ಸದ್ದಿಲ್ಲ. ಆಗ ಮೆಟ್ಟಿಲ ಬುಡದ ಪೆಟ್ಟಿಗೆ ತೆರೆದು ಮೀಟರನ್ನೇ ನೋಡುತ್ತ ನಿಂತಳು. ಗಾಜಿನ ಹಿಂದೆ ಅಲ್ಯೂಮಿನಿಯಮ್ಮಿನ ತಟ್ಟೆ ತಿರುಗುತ್ತಿತ್ತು. ಅದರ ಅಂಚಿನಲ್ಲಿ ಒಂದು ಕೆಂಪು ಗುರುತು. ಅದು ಮರೆಯಾಗುವುದು, ಮತ್ತೆ ಬರುವುದು.

ಭಾನುವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವಳು ನನ್ನ ಹಿಂದೆಯೇ ಒಳಗೆ ಬಂದಳು.

"ಅಬ್ಲಾ, ಮೀಟರಿನ ಮೇಲೆ ಆರು ಸೊನ್ನೆ ಸೊನ್ನೆ ಅಂತ ಬರೆದಿದಾರೆ. ಅದೇನು?"

ಅವಳು ಓದಿದ್ದು ಐದನೆಯ ತರಗತಿ. ಆದರೆ ಅಂಕಿಗಳನ್ನು ಕಂಡರೆ ಹೆದರುವವಳಲ್ಲ. "ಆ ತಟ್ಟೆ ಆರುನೂರು ಸುತ್ತು ಸುತ್ತಿದರೆ ಒಂದು ಯೂನಿಟ್ಟು" ಎಂದೆ.

"ಹಂಗಾದ್ರೆ ಒಂದು ಸುತ್ತು ಅಂದ್ರೆ ಎಷ್ಟು?"

ಮಕ್ಕಳ ಉತ್ತರಪತ್ರಿಕೆಯೊಂದರ ಹಿಂದೆ ಲೆಕ್ಕ ಮಾಡಿದೆ. ನೂರು ವ್ಯಾಟಿನ ಬಲ್ಬು ಒಂದು ನಿಮಿಷ ಉರಿದರೆ ತಟ್ಟೆ ಸರಿಯಾಗಿ ಒಂದು ಸುತ್ತು ಬರುತ್ತದೆ. ಅದನ್ನು ಹೇಳಿದಾಗ ಅವಳ ಕಣ್ಣು ಅರಳಿತು. ಬಲ್ಬು ಅವಳಿಗೆ ಗೊತ್ತಿದ್ದ ಪದಾರ್ಥ. ವ್ಯಾಟು, ಯೂನಿಟ್ಟು ಇವೆಲ್ಲ ಬಿಲ್ಲಿನವನ ಭಾಷೆ. ಇನ್ನು ಮುಂದೆ ಪ್ರತಿ ಯಂತ್ರವೂ ಎಷ್ಟು ಬಲ್ಬಿಗೆ ಸಮ ಎಂದು ಕೇಳಿದರೆ ಸಾಕು.

"ಆದರೆ ಬೇರೆ ಏನೇನೋ ನಡೀತಾ ಇರುತ್ತಲ್ಲ" ಎಂದೆ. "ಮೊದಲು ಸುಮ್ಮನಿದ್ದಾಗಿನ ಸುತ್ತು ಎಣಿಸು. ಆಮೇಲೆ ಒಂದು ಯಂತ್ರ ಹಾಕಿ ಎಣಿಸು. ಹೆಚ್ಚಾದದ್ದು ಎಷ್ಟೋ ಅದೇ ಆ ಯಂತ್ರದ್ದು."

ಮುಂದಿನ ಒಂದು ವಾರ ಆ ಮನೆಯ ಮೆಟ್ಟಿಲಿಗೆ ಬಿಡುವಿರಲಿಲ್ಲ. ಮೇಲೆ ಹೋಗಿ ಇಸ್ತ್ರಿಪೆಟ್ಟಿಗೆ ಹಾಕುವಳು, ನಲವತ್ತೆರಡು ಮೆಟ್ಟಿಲು ಇಳಿದು ಗಂಡನ ಕೈಗಡಿಯಾರ ಹಿಡಿದು ಎಣಿಸುವಳು, ಓಡಿ ಮೇಲೆ ಹೋಗಿ ಅದನ್ನು ಆರಿಸಿ ಟಿವಿ ಹಾಕುವಳು, ಮತ್ತೆ ಇಳಿಯುವಳು. ಒಮ್ಮೆ ಫೂಲ್ ಕಾಳಿನ ಪಾತ್ರೆ ತಳಹಿಡಿದು ಓಣಿಯೆಲ್ಲ ವಾಸನೆ. ಬಹೀಜಾ ಬಾಗಿಲು ತೆರೆದು, ಮೂಗು ಮುಚ್ಚಿಕೊಂಡು, ಮತ್ತೆ ಬಾಗಿಲು ಹಾಕಿಕೊಂಡಳು.

ಸಂಜೆಗೆ ನನ್ನ ಬಳಿ ಬಂದು ಒಪ್ಪಿಸುವಳು. ಇಸ್ತ್ರಿಪೆಟ್ಟಿಗೆ ಹತ್ತು ಬಲ್ಬು. ಬಟ್ಟೆ ಒಗೆಯುವ ಯಂತ್ರ ನಾಲ್ಕು. ಗೀಸರು ಹದಿನೈದು. ಟಿವಿ ಒಂದಕ್ಕೂ ಕಡಿಮೆ. ಫ್ಯಾನು ಅರ್ಧದ ಮೇಲೆ ಸ್ವಲ್ಪ. "ಹದಿನೈದು, ಅಬ್ಲಾ! ಗೀಸರು ಅಂದ್ರೆ ಮನೆಯೊಳಗೆ ಹದಿನೈದು ಬಲ್ಬು ಉರೀತಾ ಇದ್ದಂಗೆ. ನಾನು ಹುಡುಗೀರಿಗೆ ಇನ್ಮೇಲೆ ತಣ್ಣೀರೇ."

"ಬರೀ ವೇಗ ನೋಡಬೇಡ. ಹೊತ್ತೂ ನೋಡು" ಎಂದೆ. "ಗೀಸರು ದಿನಕ್ಕೆ ಅರ್ಧ ತಾಸು. ತಿಂಗಳಿಗೆ ಇಪ್ಪತ್ತೆರಡು ಯೂನಿಟ್ಟು ಆಗಬಹುದು. ಇಸ್ತ್ರಿ ವಾರಕ್ಕೆ ಅರ್ಧ ತಾಸು. ತಿಂಗಳಿಗೆ ಎರಡೇ ಯೂನಿಟ್ಟು."

"ಎರಡೇ?" ಅವಳಿಗೆ ನಂಬಿಕೆಯಾಗಲಿಲ್ಲ. ವರ್ಷಗಳಿಂದ ರಿಫಾತ್‌ನ ಅಂಗಿಯನ್ನು ಅವಸರದಲ್ಲಿ ಅರ್ಧಂಬರ್ಧ ಇಸ್ತ್ರಿ ಮಾಡಿ, ಕರೆಂಟು ಉಳಿಸಿದೆ ಎಂದುಕೊಂಡವಳು ಅವಳು.

ಎಲ್ಲ ಕೂಡಿಸಿದೆವು. ಅವಳ ಮನೆಯದು ಪೂರ್ತಿ, ಕೆಳಗಿನವರದು ಅಂದಾಜಿನ ಮೇಲೆ. ಬಿಲ್ಲಿನಲ್ಲಿದ್ದುದಕ್ಕೆ ಹೋಲಿಸಿದರೆ ಬಹಳ ಕಡಿಮೆ ಬಂತು. ಎಷ್ಟು ಸಲ ಕೂಡಿಸಿದರೂ ಒಂದು ದೊಡ್ಡ ಪಾಲು ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ. ಇನ್ಶಿರಾ ಕಾಗದ ಕಸಿದುಕೊಂಡು ನಿಂತೇ ಓದಿದಳು.

"ಕೆಳಗೆ ಏನೋ ಬಚ್ಚಿಟ್ಟಿದಾಳೆ" ಎಂದಳು. "ನಮಗೆ ಗೊತ್ತಿಲ್ಲದ್ದು ಏನೋ ಇದೆ. ಇಲ್ಲಾಂದ್ರೆ ಗೋಡೆಯೊಳಗಿಂದ ಪಕ್ಕದ ಮನೆಗೆ ವಯರು ಕೊಟ್ಟು ದುಡ್ಡು ತಗೋತಿದಾಳೆ."

"ಬಹೀಜಾ ಅಂಥವಳಲ್ಲ."

"ಎಂಥವಳು ಅಂತ ತಟ್ಟೆ ಹೇಳುತ್ತೆ, ನೀವಿರಿ."

ಅವಳು ಕಾದದ್ದು ಶುಕ್ರವಾರಕ್ಕೆ. ಅಂದು ಬಹೀಜಾಳ ತವರಿನಲ್ಲಿ ಮಗುವೊಂದರ ಏಳನೆಯ ದಿನದ ಶಾಸ್ತ್ರ. ಅವರೆಲ್ಲ ಬೆಳಿಗ್ಗೆಯೇ ಹೊರಟರು. ಮೊಣಕಾಲು ನೋವಿನ ಹಜ್ಜಾ ಒಬ್ಬರೇ ಉಳಿದು, ಒಳಗೆ ಸೆಕೆ ಎಂದು ಬೀದಿಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದರು. ರಿಫಾತ್ ಮಸೀದಿಗೆ ಹೋದ. ಹುಡುಗಿಯರು ಚಿಕ್ಕಮ್ಮನ ಮನೆಯಲ್ಲಿದ್ದರು. ಇನ್ಶಿರಾ ತನ್ನ ಮನೆಯಲ್ಲಿ ಒಂದೊಂದಾಗಿ ಎಲ್ಲ ಸ್ವಿಚ್ಚು ಆರಿಸಿ, ಕೆಳಗೆ ಬಹೀಜಾಳ ಮನೆಯಲ್ಲೂ ಫ್ಯಾನು, ದೀಪ ಆರಿಸಿ ಬಂದು, ಬಾಲ್ಕನಿಯ ಕಡೆ ಕೂಗಿ ನನ್ನನ್ನು ಕರೆದಳು. "ಸಾಕ್ಷಿಗೆ ಬನ್ನಿ, ಅಬ್ಲಾ."

ನಾನು ಹೋದೆ. ಹೋಗಬಾರದಿತ್ತೇನೋ, ಆದರೆ ನನಗೂ ಆ ಕಾಣೆಯಾದ ಪಾಲು ಎರಡು ದಿನದಿಂದ ತಲೆ ಕೊರೆಯುತ್ತಿತ್ತು.

ಪೆಟ್ಟಿಗೆ ತೆರೆದೆವು. ಎರಡೂ ಮನೆಯಲ್ಲಿ ಏನೂ ಉರಿಯುತ್ತಿಲ್ಲ, ಏನೂ ತಿರುಗುತ್ತಿಲ್ಲ. ಆದರೂ ತಟ್ಟೆ ನಡೆಯುತ್ತಲೇ ಇತ್ತು. ಆತುರವಿಲ್ಲದೆ, ನಿಲ್ಲದೆ.

"ನೋಡಿದ್ರಾ" ಎಂದಳು ಇನ್ಶಿರಾ. "ಅತ್ತೆ, ನೀವೂ ನೋಡಿ. ನಿಮ್ಮ ಹಿರಿಸೊಸೆ ಹೋದ ಮೇಲೂ ಇದು ತಿರುಗ್ತಿದೆ."

"ನನಗೆ ಕಣ್ಣು ಕಾಣಲ್ಲ, ನೀನೇ ನೋಡು" ಎಂದರು ಹಜ್ಜಾ.

ಇನ್ಶಿರಾ ಮೊದಲ ಅಂತಸ್ತಿನ ಮೇನ್ ಸ್ವಿಚ್ಚನ್ನು ಹಿಡಿದು ಎಳೆದಳು. ತಟ್ಟೆ ನಿಲ್ಲುತ್ತದೆ ಎಂದು ಅವಳ ಮುಖದಲ್ಲಿ ಆಗಲೇ ಬರೆದಿತ್ತು. ಕೆಂಪು ಗುರುತು ಬಂತು, ಹೋಯಿತು, ಮತ್ತೆ ಬಂತು. ಒಂದಿಷ್ಟೂ ನಿಧಾನವಾಗಲಿಲ್ಲ.

ಕೆಳಗಿನ ಮನೆಗೆ ಕರೆಂಟೇ ಇಲ್ಲ. ಅವಳು ನನ್ನ ಮುಖ ನೋಡಿದಳು. ಉಳಿದದ್ದು ಒಂದೇ ಸ್ವಿಚ್ಚು. ಅದನ್ನು ಎಳೆಯುವ ಮೊದಲು ಅವಳು ಸೆರಗಿನ ಹಾಗೆ ಇಳಿದಿದ್ದ ತಲೆವಸ್ತ್ರದ ಅಂಚಿಗೆ ಕೈ ಒರೆಸಿಕೊಂಡಳು. ಎಳೆದಳು. ಕೆಂಪು ಗುರುತು ಗಾಜಿನ ನಡುವೆ ಬಂದು ನಿಂತಿತು.

ಆಮೇಲೆ ಅವಳು ಸ್ವಿಚ್ಚನ್ನು ಮತ್ತೆ ಹಾಕಿ ಮೆಟ್ಟಿಲು ಹತ್ತಿದಳು. ಹಿಂದೆ ನಾನು. ಮನೆಯೊಳಗೆ ಮುಚ್ಚಿದ ಕಿಟಕಿಗಳ ಕತ್ತಲೆ, ಸೆಕೆ. ಅಡುಗೆಮನೆಯ ಮೂಲೆಯಿಂದ ಮಾತ್ರ ಗುಂಯ್ಯೆನ್ನುವ ಸದ್ದು. ಫ್ರಿಜ್ಜು.

ಯಾರೂ ಫ್ರಿಜ್ಜನ್ನು ಹಾಕುವುದೂ ಇಲ್ಲ, ಆರಿಸುವುದೂ ಇಲ್ಲ. ಅದಕ್ಕೇ ಅದು ನಮ್ಮ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಪ್ರತಿ ಸಲವೂ ಅದು 'ಸುಮ್ಮನಿದ್ದಾಗಿನ ಸುತ್ತಿ'ನೊಳಗೆ ಅಡಗಿ ಕೂತು, ನಾವೇ ಅದನ್ನು ಕಳೆದು ಬಿಸಾಕುತ್ತಿದ್ದೆವು. ಆ ಉಪಾಯ ಹೇಳಿಕೊಟ್ಟವಳು ನಾನೇ.

ಕೆಳಗಿಳಿದು ಕೈಗಡಿಯಾರ ಹಿಡಿದು ಎಣಿಸಿದೆವು. ನಾಲ್ಕು ನಿಮಿಷಕ್ಕೆ ಏಳು ಸುತ್ತು. ಎರಡು ಬಲ್ಬಿಗಿಂತ ಕಡಿಮೆ, ಗೀಸರಿನ ಎದುರು ಏನೇನೂ ಅಲ್ಲ. ಆದರೆ ಗೀಸರು ಅರ್ಧ ತಾಸಿಗೆ ಮಲಗುತ್ತದೆ. ಇದು ಮಲಗುತ್ತಲೇ ಇರಲಿಲ್ಲ. ಒಂದು ತಾಸು ಕಾದರೂ ಅದರ ಮೋಟಾರು ಒಮ್ಮೆಯೂ ನಿಲ್ಲಲಿಲ್ಲ. ದಿನಕ್ಕೆ ನಾಲ್ಕು ಯೂನಿಟ್ಟಿನ ಮೇಲೆ, ತಿಂಗಳಿಗೆ ನೂರಿಪ್ಪತ್ತಾರು. ಬಹೀಜಾಳ ಡ್ರೈಯರು ತಿಂದದ್ದು ತಿಂಗಳಿಗೆ ಹದಿಮೂರು. ಕೆಳಗಿನ ಸ್ವಿಚ್ಚು ಹಾಕಿ ಬಹೀಜಾಳ ಫ್ರಿಜ್ಜನ್ನೂ ಗಮನಿಸಿದೆವು. ಅದು ಹತ್ತು ನಿಮಿಷ ಓಡಿ ಇಪ್ಪತ್ತು ನಿಮಿಷ ಸುಮ್ಮನಾಗುತ್ತಿತ್ತು. ಇನ್ಶಿರಾ ಸ್ವಿಚ್ಚು ಎಳೆದಾಗ ಅದು ಸುಮ್ಮನಿದ್ದ ಹೊತ್ತು.

"ಏನಂತೆ?" ಎಂದು ಕೇಳಿದರು ಹಜ್ಜಾ.

ಇನ್ಶಿರಾ ಹೇಳಿದಳು. ಮುಚ್ಚಿಡಲಿಲ್ಲ. ಮುದುಕಿ ಜಪಮಾಲೆ ನಿಲ್ಲಿಸಿ ಕೇಳಿಸಿಕೊಂಡರು. "ತನ್ನ ತಟ್ಟೇಲಿ ಹೆಗ್ಗಣ ಬಿದ್ದಿರುತ್ತೆ, ಪಕ್ಕದವರ ತಟ್ಟೇಲಿ ನೊಣ ಹುಡುಕ್ತಾರೆ" ಎಂದಷ್ಟೇ ಹೇಳಿ ಮತ್ತೆ ಮಣಿ ಎಣಿಸತೊಡಗಿದರು.

ಆ ಫ್ರಿಜ್ಜು ಇನ್ಶಿರಾಳ ತಾಯಿ ಮದುವೆಗೆ ಕೊಟ್ಟದ್ದು. ಆಕೆ ಗಿರಣಿಯ ಬಾಗಿಲಲ್ಲಿ ಉಪ್ಪಿನಕಾಯಿ ಮಾರುತ್ತಿದ್ದವಳು. ಹನ್ನೆರಡು ಹೆಂಗಸರ ಚೀಟಿಯಲ್ಲಿ ವರ್ಷವಿಡೀ ಕಟ್ಟಿ, ತನ್ನ ಸರದಿ ಬಂದಾಗ ಅದನ್ನು ಕೊಂಡು, ಕತ್ತೆಗಾಡಿಯಲ್ಲಿ ಹೊರಿಸಿ ಮಗಳ ಮನೆಗೆ ತಂದಿದ್ದಳು. ಮದುವೆಯಾದ ಮೂರನೆಯ ವರ್ಷ ತೀರಿಕೊಂಡಳು. ಇನ್ಶಿರಾ ಅದನ್ನು ಪ್ರತಿ ಬೆಳಿಗ್ಗೆ ಒರೆಸುತ್ತಿದ್ದಳು. ಅದರ ಬಾಗಿಲು ಸರಿಯಾಗಿ ಕೂರುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು; ಮೊಣಕೈಯಿಂದ ಒತ್ತಿ ಹೋಗುವುದು ರೂಢಿಯಾಗಿತ್ತು.

ಮಂಗಳವಾರ ರಿಪೇರಿಯ ಉಸ್ತಾ ಸಬ್ರಿ ಬಂದ. ಬಾಗಿಲ ಸಂದಿಯಲ್ಲಿ ಒಂದು ಹಾಳೆ ಸಿಕ್ಕಿಸಿ ಬಾಗಿಲು ಹಾಕಿದ. ಹಾಳೆ ತಾನಾಗಿ ಜಾರಿ ನೆಲಕ್ಕೆ ಬಿತ್ತು.

"ರಬ್ಬರು ಸತ್ತಿದೆ. ಮುಚ್ಚಿದ್ರೂ ತೆರೆದಂಗೇ" ಎಂದ. "ಓಣಿಯನ್ನೆಲ್ಲ ತಣ್ಣಗೆ ಮಾಡ್ತಿದೀಯ, ನಜ್ಲಾನ ಅಮ್ಮ. ಇನ್ನು ಇದನ್ನ ಒಲೆ ಪಕ್ಕಕ್ಕೆ, ಗೋಡೆಗೆ ಅಂಟಿಸಿ ನಿಲ್ಲಿಸಿದೀಯ. ಬೆನ್ನಿಗೆ ಗಾಳಿ ಬೇಡ್ವಾ ಪಾಪ?"

ರಬ್ಬರು ಬದಲಾಯಿತು. ಫ್ರಿಜ್ಜು ಕಿಟಕಿಯ ಕಡೆಗೆ ಸರಿಯಿತು. ಅಂದು ಮಧ್ಯಾಹ್ನ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅದರ ಸದ್ದು ನಿಂತಿತು. ಇನ್ಶಿರಾ ಹೆದರಿ ಬಾಗಿಲು ತೆರೆದು ನೋಡಿದಳಂತೆ, ಕೆಟ್ಟೇಹೋಯಿತೇನೋ ಎಂದು.

ರಿಫಾತ್‌ಗೆ ಎಲ್ಲ ಹೇಳಿದಳು. ಅವನು ಕೇಳಿ, ರೊಟ್ಟಿ ಮುರಿಯುತ್ತ, "ಸರಿಯಾಯ್ತಲ್ಲ. ಬಿಡು" ಎಂದ.

"ಬಿಡೋದು ಹೆಂಗೆ? ಹಿಶಾಮನ ಅಮ್ಮನ ಕೆಲಸ ಹೋಯ್ತು."

"ಈಗ ಹೋಗಿ ಹೇಳಿದ್ರೆ ಅಣ್ಣ ಏನಂತಾನೆ ಗೊತ್ತಾ? ನಿಮ್ಮ ಫ್ರಿಜ್ಜಿಗೆ ಎಷ್ಟು ತಿಂಗಳು ನಾನು ಅರ್ಧ ಕಟ್ಟಿದೀನಿ ಅಂತಾನೆ. ಅಮ್ಮ ನಾಳೆಗೆ ಮರೀತಾಳೆ. ಅಬ್ಲಾ ಬಾಯಿ ಬಿಡೋಳಲ್ಲ. ನೀನೂ ಸುಮ್ನಿರು."

ಸುಮ್ಮನಿರುವುದು ಅವಳಿಗೆ ಬಾರದ ವಿದ್ಯೆ. ಆದರೂ ಮೂರು ವಾರ ಇದ್ದಳು. ಆ ಮೂರು ವಾರ ಅವಳನ್ನು ನೋಡಿದವರಿಗೆ ಆಯಾಸವಾಗುತ್ತಿತ್ತು. ತೊಳೆದ ಮೆಟ್ಟಿಲನ್ನೇ ಮತ್ತೆ ತೊಳೆಯುವಳು. ಬಹೀಜಾಳ ಬಾಗಿಲ ಮುಂದೆ ಬಂದಾಗ ಕೈಯಲ್ಲಿದ್ದುದು ಬೀಳುವುದು. ಒಂದು ದಿನ ಹಾಲನ್ನದ ತಟ್ಟೆ ಹಿಡಿದು ಇಳಿದು, ಬಾಗಿಲು ತಟ್ಟದೆ ವಾಪಸು ಹತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ನಾನೂ ಸುಮ್ಮನಿದ್ದೆ. ಬೇರೆಯವರ ಸಂಸಾರ ಎಂದು ನನಗೆ ನಾನೇ ಹೇಳಿಕೊಂಡೆ. ಓಣಿಯಲ್ಲಿ ಬಹೀಜಾ ಸಿಕ್ಕರೆ, ಹಿಶಾಮ್ ಪಾಠಕ್ಕೆ ಹೋಗುವುದು ಬಿಟ್ಟ ವಿಷಯ ನನಗೆ ಗೊತ್ತಿಲ್ಲದ ಹಾಗೆ ಮಾತಾಡುತ್ತಿದ್ದೆ.

ಬಿಲ್ಲಿನವನು ಬಂದ. ಈ ಸಲ ಎಪ್ಪತ್ತು ಯೂನಿಟ್ಟು ಇಳಿದಿತ್ತು. ಹಂತವೂ ಇಳಿದು ದರ ಮೊದಲಿನಂತಾಗಿತ್ತು. ಸಂಜೆಯ ಹೊತ್ತು, ಎರಡೂ ಮನೆಯವರು ಮೊದಲ ಅಂತಸ್ತಿನ ಬಾಗಿಲಲ್ಲಿದ್ದರು. ನಾನು ಹಜ್ಜಾಗೆ ಮಾತ್ರೆ ಕೊಡಲು ಬಂದಿದ್ದೆ. ಶೌಕಿ ಬಿಲ್ಲಿನ ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದ. ಅಪರೂಪಕ್ಕೆ ಅವನ ಮುಖದಲ್ಲಿ ನಗು.

"ನೋಡಿದ್ರಾ, ತಡವಾದ್ರೂ ಒಂದು ಡ್ರೈಯರು ನಿಲ್ಲಿಸಿದ್ದಕ್ಕೆ ಎಷ್ಟು ಇಳೀತು" ಎಂದ. "ನಾನು ಅಂದೇ ಹೇಳಿದ್ದೆ. ಹೆಂಗಸರ ಕೈಗೆ ಯಂತ್ರ ಕೊಟ್ರೆ ಮನೆ ಮುಳುಗುತ್ತೆ ಅಂತ."

ಬಹೀಜಾ ನೆಲ ನೋಡುತ್ತಿದ್ದಳು. ಅಂದು ಮೆಟ್ಟಿಲ ಮೇಲೆ ಮಾತಿಗೆ ಮಾತು ಕೊಟ್ಟಿದ್ದ ಹೆಂಗಸು ಈಗ ನಂಬಿಬಿಟ್ಟಿದ್ದಳು, ತಪ್ಪು ತನ್ನದೇ ಎಂದು.

"ಡ್ರೈಯರಲ್ಲ, ಭಾವ" ಎಂದಳು ಇನ್ಶಿರಾ.

ರಿಫಾತ್ ಅವಳ ತೋಳು ಮುಟ್ಟಿದ. ಅವಳು ತೋಳು ಬಿಡಿಸಿಕೊಂಡು ಎರಡು ಮೆಟ್ಟಿಲು ಇಳಿದು ಬಂದಳು.

"ನನ್ನ ಫ್ರಿಜ್ಜು. ರಬ್ಬರು ಹೋಗಿತ್ತು, ಹಗಲೂ ರಾತ್ರಿ ಓಡ್ತಿತ್ತು. ಮೂರು ವಾರದ ಹಿಂದೆ ಸರಿಮಾಡಿಸ್ದೆ. ಅದಕ್ಕೇ ಇಳಿದಿರೋದು. ಹಿಶಾಮನ ಅಮ್ಮನ ಡ್ರೈಯರು ತಿಂದಿದ್ದು ಹದಿಮೂರು ಯೂನಿಟ್ಟು. ನನ್ನದು ನೂರಿಪ್ಪತ್ತಾರು. ನನಗೆ ಗೊತ್ತಿತ್ತು. ಹೇಳಲಿಲ್ಲ."

"ಯಾರು ಹೇಳಿದ್ರು ಈ ಅಂಕಿ ಎಲ್ಲ?" ಎಂದ ಶೌಕಿ.

"ತಟ್ಟೆ ಹೇಳ್ತು. ನೀವೂ ಎಣಿಸಿ."

ಬಹೀಜಾ ಮುಖ ಎತ್ತಿ ಓರಗಿತ್ತಿಯನ್ನು ನೋಡಿದಳು. ನಂತರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆವು. ರಿಫಾತ್ ಹೆಂಡತಿಯ ಕಡೆ ನೋಡದೆ ನಿಂತಿದ್ದ. ಶೌಕಿ ಚೀಟಿಯನ್ನು ಮಡಚುತ್ತ, ಬಿಚ್ಚುತ್ತ ಇದ್ದ. ಬಾಗಿಲು ಮತ್ತೆ ತೆರೆಯಿತು. ಬಹೀಜಾಳ ಕೈಯಲ್ಲಿ ಡ್ರೈಯರಿತ್ತು, ಮೇಲೆ ಧೂಳು. ಹೊಸಿಲ ಬಳಿಯ ಸ್ವಿಚ್ಚಿಗೆ ಅದರ ಪಿನ್ನು ಸಿಕ್ಕಿಸಿದಳು. "ಎಣಿಸಿ" ಎಂದಳು ಗಂಡನಿಗೆ. ಇನ್ಶಿರಾಳ ಕಡೆ ತಿರುಗಲಿಲ್ಲ.

ಶೌಕಿ ಕೆಳಗಿಳಿದು ತನ್ನದೇ ಗಡಿಯಾರ ನೋಡಿ ಎಣಿಸಿದ. ಮೊದಲು ಡ್ರೈಯರಿಲ್ಲದೆ ಒಂದು ನಿಮಿಷ, ಆಮೇಲೆ ಡ್ರೈಯರಿನ ಜೊತೆ. ಮೆಟ್ಟಿಲ ತುಂಬ ಬಿಸಿಗಾಳಿಯ ಸದ್ದು. "ಹತ್ತು ಹೆಚ್ಚು" ಎಂದ ಕೆಳಗಿನಿಂದ. ಅನುಮಾನ ಬಂದು ಇನ್ನೊಮ್ಮೆ ಎಣಿಸಿದ. ಹತ್ತೇ.

"ವಾರಕ್ಕೆ ಮೂರು ತಾಸು" ಎಂದೆ ನಾನು. "ವಾರಕ್ಕೆ ಮೂರು ಯೂನಿಟ್ಟು. ತಿಂಗಳಿಗೆ ಹದಿಮೂರಕ್ಕಿಂತ ಹೆಚ್ಚಿಲ್ಲ. ನನಗೂ ಗೊತ್ತಿತ್ತು, ಶೌಕಿಯವರೇ. ನಾನೂ ಹೇಳಬೇಕಿತ್ತು."

"ನನಗೂ ಗೊತ್ತಿತ್ತು" ಎಂದರು ಹಜ್ಜಾ ಕುರ್ಚಿಯಿಂದ. "ನಾನೇನು ಮರ್ತಿರಲಿಲ್ಲ."

ಶೌಕಿ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಆ ಮನುಷ್ಯನ ಬಾಯಲ್ಲಿ ಅದು ಬರುವುದಿಲ್ಲ. ಮೇಲೆ ಬಂದು, "ಸರಿ. ಗುರುವಾರ ಮಾಡ್ಕೋ" ಎಂದ.

"ಬುಧವಾರಾನೂ" ಎಂದಳು ಬಹೀಜಾ.

ಅವನು ಒಪ್ಪಿದ. ಮರುದಿನ ತಾನೇ ತಾರಸಿಗೆ ಹೋಗಿ ಕುರ್ಚಿ ಇಳಿಸಿ, ಪಾರಿವಾಳದ ಹಿಕ್ಕೆ ಉಜ್ಜಿ ತೊಳೆದ.

ಆದರೆ ಕುರ್ಚಿ ಬಂದ ಕೂಡಲೇ ಗಿರಾಕಿಗಳು ಬರಲಿಲ್ಲ. ಹುಡುಗಿಯರು ಸೇತುವೆಯ ಆಚೆಯ ಒಬ್ಬಳ ಬಳಿ ಹೋಗಿ ರೂಢಿಮಾಡಿಕೊಂಡಿದ್ದರು. ಎಷ್ಟೋ ಗುರುವಾರ ಬಹೀಜಾ ಕನ್ನಡಿ ಒರೆಸಿ ಸುಮ್ಮನೆ ಕೂತಿರುತ್ತಿದ್ದಳು. ಇನ್ಶಿರಾ ಊರೆಲ್ಲ ಓಡಾಡಿದಳು. ತನ್ನ ತಂಗಿಯ ನಾದಿನಿ, ಬೇಕರಿಯವನ ಮಗಳು, ಗಿರಣಿಯ ಹುಡುಗಿಯರು, ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ತಾನು ಕಳಿಸಿದ್ದೆಂದು ಹೇಳಬೇಡಿ ಎಂದು ಎಲ್ಲರಿಗೂ ಹೇಳಿದಳು. ಎಲ್ಲರೂ ಮೊದಲು ಅದನ್ನೇ ಹೇಳಿದರು. ಅರ್ಧ ಅರ್ಧದ ಪದ್ಧತಿಯನ್ನೂ ತಾನಾಗಿ ಮುರಿದಳು. ಆ ಬೇಸಿಗೆಯ ಬಿಲ್ಲುಗಳಿಗೆಲ್ಲ ಮೂರರಲ್ಲಿ ಎರಡು ಪಾಲು ತಮ್ಮದು ಎಂದು ರಿಫಾತ್‌ನಿಂದ ಹೆಚ್ಚಿನದನ್ನು ಕೊಡಿಸಿದಳು. ಅದಕ್ಕಾಗಿ ಗಂಡಹೆಂಡಿರು ಒಂದು ವಾರ ಮಾತು ಬಿಟ್ಟಿದ್ದರು.

ಬಹೀಜಾ ಅವಳೊಂದಿಗೆ ಮಾತಾಡಲಿಲ್ಲ. ಬೇಕಾದದ್ದನ್ನು ಮಕ್ಕಳ ಬಾಯಲ್ಲಿ ಹೇಳಿಕಳಿಸುವಳು. ರಂಜಾನ್ ಬಂತು. ಹಬ್ಬಕ್ಕೆ ಇನ್ಶಿರಾ ಕಳಿಸಿದ ಕಹ್ಕ್ ಬಿಸ್ಕತ್ತಿನ ತಟ್ಟೆ ಖಾಲಿಯಾಗಿ, ತೊಳೆದು, ಏನೂ ತುಂಬದೆ ಮೇಲಕ್ಕೆ ವಾಪಸು ಬಂತು. ನಮ್ಮಲ್ಲಿ ತಟ್ಟೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಇನ್ಶಿರಾ ಅದನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮನೆಗೆ ಬಂದು, ಕೋಣೆಯಲ್ಲಿ ಒಂದು ಸುತ್ತು ನಡೆದು, ಹಾಗೇ ವಾಪಸು ಹೋದಳು.

ಹಬ್ಬ ಕಳೆದರೆ ಮದುವೆಗಳ ಕಾಲ. ಒಂದು ಗುರುವಾರ ಮಧ್ಯಾಹ್ನ ಕೆಳಗಿನ ಮನೆಗೆ ನಾಲ್ವರು ಮದುವಣಗಿತ್ತಿಯರು ಒಟ್ಟಿಗೆ ಬಂದರು, ಅವರ ಜೊತೆ ಅಕ್ಕತಂಗಿಯರ ದಂಡು. ಓಣಿಯಲ್ಲಿ ಅಲಂಕಾರದ ಕಾರುಗಳು ಹಾರನ್ನು ಹೊಡೆಯುತ್ತಿದ್ದವು. ಬಹೀಜಾಳ ಬಾಗಿಲು ಧಡಾರನೆ ತೆರೆಯಿತು. ಮೆಟ್ಟಿಲ ಮೇಲಕ್ಕೆ ಮುಖ ಮಾಡಿ, ಎಷ್ಟೋ ತಿಂಗಳ ಮೇಲೆ ಕೂಗಿದಳು:

"ನಜ್ಲಾನ ಅಮ್ಮ, ಮೇಲೆ ಓಡಾಡ್ಕೊಂಡು ನನ್ನ ಸೂರು ಬೀಳಿಸೋ ಬದಲು ಇಳಿದು ಬಾ. ಪಿನ್ನು ಹಿಡಿಯೋಕೆ ಕೈ ಸಾಲ್ತಿಲ್ಲ."

ಇನ್ಶಿರಾ ಇಳಿದ ರಭಸಕ್ಕೆ ಒಂದು ಚಪ್ಪಲಿ ಮೇಲಿನ ಮೆಟ್ಟಿಲಲ್ಲೇ ಉಳಿಯಿತು.

ಅಂದಿನಿಂದ ಅವಳು ಗುರುವಾರ ಕೆಳಗೇ ಇರುತ್ತಿದ್ದಳು. ಗೆಳತಿಯರಾದರು ಎನ್ನಲಾರೆ. ಪಿನ್ನು ಕೊಡುವುದು ತಡವಾದರೆ ಬಹೀಜಾ ಬೈಯುವಳು. ಡ್ರೈಯರು ಬೇಕಿಲ್ಲದಾಗ ಆರಿಸದಿದ್ದರೆ ಇನ್ಶಿರಾ ಗೊಣಗುವಳು. ಓಣಿಯ ಹೆಂಗಸರು ಬಿಲ್ಲು ಹಿಡಿದು ಅವಳನ್ನು ಕರೆಯತೊಡಗಿದರು. ಅವಳು ಒಂದು ನೂರು ವ್ಯಾಟಿನ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೋಗುವಳು. ಮೀಟರಿನ ಎದುರು ಅದನ್ನು ಉರಿಸಿ, "ಇದು ಒಂದು. ಈಗ ನಿನ್ನ ಮನೇಲಿರೋದು ಎಷ್ಟು ಅಂತ ನೋಡೋಣ" ಎನ್ನುವಳು. ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ನೀನು ಯಾವತ್ತೂ ಆರಿಸದೇ ಇರೋದು ಯಾವುದು?

ಕಳೆದ ವರ್ಷ ನಮ್ಮ ಓಣಿಗೆಲ್ಲ ಹೊಸ ಮೀಟರು ಬಂದವು, ಮೊದಲೇ ದುಡ್ಡು ತುಂಬುವ ಕಾರ್ಡಿನವು. ಎರಡು ಸಂಸಾರಕ್ಕೂ ಬೇರೆ ಬೇರೆ. ತಟ್ಟೆ ಇಲ್ಲ, ಸಣ್ಣ ದೀಪವೊಂದು ಮಿಣುಕುತ್ತದೆ. ಹಳೆಯದನ್ನು ಬಿಚ್ಚಿಕೊಂಡು ಹೋದ ಸಂಜೆ ಬಹೀಜಾ ಚಹಾಕ್ಕೆ ಮೇಲೆ ಬಂದಿದ್ದಳು. ನಾನೂ ಇದ್ದೆ. ತನ್ನ ಹೊಸ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತ, "ಇನ್ನು ಬಿಲ್ಲು ಜಾಸ್ತಿ ಆದ್ರೆ ಯಾರನ್ನ ಬೈಯೋದೇ?" ಎಂದಳು.

ಇನ್ಶಿರಾ ಲೋಟ ಹಿಡಿದು ಎದ್ದು, ದೀಪ ಎಷ್ಟು ಬೇಗ ಮಿಣುಕುತ್ತದೆಂದು ನೋಡಲು ಆಗಲೇ ಮೆಟ್ಟಿಲ ಕಡೆ ಹೊರಟಿದ್ದಳು.